ಗಂಜಿ ತೀಡಿದ ರವಿವಾರ

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ದೇವಪುತ್ರಪ್ಪನವರು ಮಗ್ಗದ ಮೇಲೆ ಚಾದರ ಹೊದಿಸಿಬಿಡುತ್ತಿದ್ದರು. ಸೀರೆ ಮುಗಿಯಲು ಇನ್ನು ಒಂದೇ ಗೇಣು ಉಳಿದಿದ್ದರೂ ಸರಿ, ಕಾಲು ಇಳಿಬಿಟ್ಟು ನೇಯುವ ಕುಣಿಯಿಂದ ಎದ್ದೇಬಿಡುವರು. ರವಿವಾರ ದೇವರ ದಿನ, ಅಂದು ಕೆಲಸ ಮುಟ್ಟುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ನಾನೂ ಗುಳೇದಗುಡ್ಡದ ಕ್ರೈಸ್ತ ನೇಕಾರರ ಮಗಳೇ. ಆದರೆ ಅಲ್ಲಿ ದೇವಾಲಯವಿತ್ತು, ಗಂಟೆ ಬಾರಿಸುತ್ತಿದ್ದರು, ರವಿವಾರ ತಾನಾಗಿಯೇ ಬರುತ್ತಿತ್ತು. ಬನಹಟ್ಟಿಯ ಈ ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ.

“ನಮಗ ಗುಡಿ ಇಲ್ಲ, ಗಂಟಿ ಇಲ್ಲ. ಇರೂದು ಇದೊಂದ ದಿನ. ಅದನ್ನೂ ಬಿಟ್ರ ನಾವ್ಯಾರು?” ಎನ್ನುತ್ತಿದ್ದರು ಇವರು.

ಎದುರು ಮನೆಯ ಗಿರಮಲ್ಲಪ್ಪನವರೂ ನೇಕಾರರೇ. ಹಾಸಿನ, ಅಂದರೆ ಸೀರೆಯ ಉದ್ದೆಳೆಗಳ, ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ತೀಡುವಾಗ ಅವರು ಒಂದು ಮಗ್ಗುಲು, ಇವರು ಇನ್ನೊಂದು ಮಗ್ಗುಲು. ಇಬ್ಬರೂ ದೊಡ್ಡ ಕುಂಚ ಹಿಡಿದು ಸರಿಸಮನಾಗಿ ನಡೆಯಬೇಕು. ಒಬ್ಬರು ಹಿಂದೆ ಬಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಒಣಗುತ್ತವೆ, ಆಮೇಲೆ ಆ ಹಾಸು ಮಗ್ಗಕ್ಕೆ ಬರುವುದಿಲ್ಲ. ಮೀಸೆ ಮೂಡಿದಾಗಿನಿಂದ ಅವರಿಬ್ಬರದು ಜೋಡಿ. ಇವರಿಗಾಗಿಯೇ ಗಿರಮಲ್ಲಪ್ಪನವರು ಎಂದೂ ರವಿವಾರ ಹಾಸು ಕಟ್ಟುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಆಡಿರಲೂ ಇಲ್ಲ.

ನಮ್ಮ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಹೊಸತು. ಒಂದು ಶುಕ್ರವಾರ ಗಿರಮಲ್ಲಪ್ಪನವರು ನೂಲನ್ನು ಗಂಜಿಯಲ್ಲಿ ನೆನೆಹಾಕಿದರು, ನಾಳೆ ಕಟ್ಟಿದರಾಯಿತು ಎಂದು. ನಾಳೆ ಅಮಾವಾಸ್ಯೆ ಎಂಬುದು ಅವರ ತಲೆಗೇ ಬರಲಿಲ್ಲ. ಅಮಾವಾಸ್ಯೆಗೆ ಓಣಿಯಲ್ಲಿ ಯಾರೂ ನೂಲು ಮುಟ್ಟುವುದಿಲ್ಲ. ಅವರ ಹೆಂಡತಿ ಹಣಮವ್ವ ಶನಿವಾರವಿಡೀ ಗಂಡನಿಗೆ ಮಂಗಳಾರತಿ ಮಾಡಿದಳು. ಗಂಜಿ ಹುಳಿಯಾಗತೊಡಗಿತ್ತು. ಸೋಮವಾರದ ತನಕ ಬಿಟ್ಟರೆ ನೂಲೆಲ್ಲ ಕೊಳೆತು ತಿಪ್ಪೆಗೆ ಹೋಗುತ್ತಿತ್ತು. ಅದು ಅವರ ಮಗಳ ಮದುವೆಯ ಸೀರೆಗಳ ಹಾಸು.

ರವಿವಾರ ಬೆಳಿಗ್ಗೆ ನಾನು ಬಾಗಿಲು ತೆರೆದರೆ ಓಣಿಯಲ್ಲಿ ಹಾಸು ಕಟ್ಟಿತ್ತು. ಇವರು ನಿಲ್ಲುವ ಜಾಗದಲ್ಲಿ ಹಣಮವ್ವ ಸೆರಗು ಸಿಕ್ಕಿಸಿಕೊಂಡು ಕುಂಚ ಹಿಡಿದಿದ್ದಳು. ಗಂಡ ಮುಂದೆ ಹೋದರೆ ಅವಳು ಹಿಂದೆ. ಗಾಳಿ ಬೇರೆ ಎದ್ದಿತ್ತು, ಎಳೆಗಳು ಅಲ್ಲಲ್ಲಿ ಅಂಟತೊಡಗಿದ್ದವು. ಗಂಡಹೆಂಡಿರು ಅಪ್ಪಿತಪ್ಪಿಯೂ ನಮ್ಮ ಬಾಗಿಲ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಒಳಗೆ ಇವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತಿದ್ದರು. ನಾನೂ ಕುಳಿತೆ. ಹೊರಗೆ ಹಣಮವ್ವ “ಅಯ್ಯ, ಇಲ್ಲೂ ಅಂಟಿತು” ಎಂದಾಗಲೆಲ್ಲ ಇವರ ಮಾತು ತಡವರಿಸುತ್ತಿತ್ತು. ಲೋಕದ ರಾಜರಿಗೆಲ್ಲ ಒಳ್ಳೆಯ ಬುದ್ಧಿ ಬೇಡುವಲ್ಲಿಗೆ ಬಂದಾಗ ನನ್ನ ತಾಳ್ಮೆ ತಪ್ಪಿತು.

“ರಾಜರು ಹಂಗಿರ್ಲಿರಿ. ಗಿರಮಲ್ಲಣ್ಣನ ಹಾಸು ಹಾಳಾಗಾಕತ್ತೈತಿ.”

“ನನಗೂ ಕೇಳಾಕತ್ತೈತಿ,” ಎಂದರು, ಕಣ್ಣು ಮುಚ್ಚಿಕೊಂಡೇ.

“ಕೇಳಿದ್ರ ಏಳ್ರಿ.”

“ಅವ್ರು ಕರದಿಲ್ಲ.”

“ಕರ್ಯೂದಿಲ್ರಿ. ನೂಲು ಕೊಳತ್ರೂ ಕರ್ಯೂದಿಲ್ಲ. ನಿಮ್ಮ ದಿನದ ಕಿಮ್ಮತ್ತು ಅವರಿಗೂ ಗೊತ್ತೈತಿ.”

ಇವರು ಕಣ್ಣು ತೆರೆದು ಬಾಗಿಲ ಕಡೆ ನೋಡಿದರು. ಏಳದಿದ್ದರೆ ಹಣಮವ್ವನ ಮುಖ ಹೇಗೆ ನೋಡಲಿ? ಎದ್ದರೆ, ನನ್ನಿಂದ ದಿನ ಕೆಟ್ಟಿತೆಂದು ಇವರು ಜೀವನಪೂರ್ತಿ ಕೊರಗಿದರೆ?

“ಅಪ್ಪಾ, ಉಳದದ್ದು ಆಮ್ಯಾಲೆ,” ಎಂದು ದೇವರಿಗೆ ಹೇಳಿ, ಧೋತರ ಎತ್ತಿ ಕಟ್ಟಿ ಹೊರಗೆ ನಡೆದರು. ಹಣಮವ್ವನ ಕೈಯಿಂದ ಕುಂಚ ಇಸಿದುಕೊಂಡರು.

“ಬ್ಯಾಡೋ ದೇವಪುತ್ರಪ್ಪ, ಇವತ್ತ ನಿನ್ನ ದಿನ,” ಎಂದರು ಗಿರಮಲ್ಲಪ್ಪ.

“ಸುಮ್ನ ನಡಿಯೋ, ಗಾಳಿ ಜೋರಾಗೈತಿ.”

ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕಿದರು. ಬಿಸಿಲೇರುವುದರೊಳಗೆ ಎಳೆಗಳೆಲ್ಲ ಬಿಡಿಬಿಡಿಯಾಗಿ ಒಣಗಿದವು. ಹಣಮವ್ವ ನಮ್ಮ ಕಟ್ಟೆಯ ಮೇಲೆ ಕುಳಿತು ಅತ್ತಳು. ನಾನೂ ಅತ್ತೆ, ಅಷ್ಟು ಹಗುರವಾಗಿತ್ತು ಮನಸ್ಸು.

ಆದರೆ ಸಂಜೆ ಇವರಿಗೆ ರೊಟ್ಟಿ ಇಳಿಯಲಿಲ್ಲ.

“ತಪ್ಪು ಮಾಡಿದೆ ಅಂತ ಅನಸೂದಿಲ್ಲ ರೂತಾ. ಆದ್ರ ದಿನ ಹೋತಲ್ಲ,” ಎಂದರು.

ಸೋಮವಾರ ಬೆಳಿಗ್ಗೆ ಇವರು ಮಗ್ಗದ ಚಾದರಕ್ಕೆ ಕೈ ಹಾಕುವಷ್ಟರಲ್ಲಿ ಗಿರಮಲ್ಲಪ್ಪನವರು ಒಳಗೆ ಬಂದರು. ಚಾದರ ಎಳೆದು ಬದಿಗಿಟ್ಟು, ನಮ್ಮ ಕುಣಿಯಲ್ಲಿ ಇಳಿದು ಕುಳಿತೇಬಿಟ್ಟರು.

“ಏ, ಏನ್ ಮಾಡಾಕತ್ತೀಯೋ?”

“ನಿನ್ನೆ ನಿನ್ನ ದಿನ ನಾವು ತಗೊಂಡ್ವಿ. ಇವತ್ತ ನಿನ್ನ ಮಗ್ಗ ನಾ ನೇಯ್ತೀನಿ. ನೀ ಹೋಗಿ ನಿನ್ನ ದೇವರ ಕೂಡ ಕುಂಡ್ರು.”

ಹಿಂದೆಯೇ ಹಣಮವ್ವ ರೊಟ್ಟಿಬುಟ್ಟಿ ಹೊತ್ತು ಬಂದಳು. “ಒಲಿ ಹಚ್ಚಬ್ಯಾಡ ಬೇ ರೂತವ್ವ. ನಿಂಗೂ ಇವತ್ತ ರವಿವಾರ.”

ಇವರು ಒಂದು ಗಳಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಆಮೇಲೆ ಚಾಪೆ ಹಾಸಿದರು.

“ಎಲ್ಲಿಗೆ ಬಿಟ್ಟಿದ್ದೆ?” ಎಂದು ಮೆಲ್ಲಗೆ ಕೇಳಿದರು.

“ರಾಜರ ತನಕ ಬಂದಿದ್ರಿ.”

ಇವರು ಕಣ್ಣು ಮುಚ್ಚಿದರು. ರಾಜರನ್ನು ಬದಿಗಿಟ್ಟು ಗಿರಮಲ್ಲಪ್ಪ, ಹಣಮವ್ವ, ಅವರ ಮಗಳು ಎಂದು ಹೆಸರು ಹಿಡಿದು ಬೇಡತೊಡಗಿದರು. ನಡುವೆ ಮಾತು ನಿಂತಿತು. ಮಗ್ಗದ ಲಾಳಿಯ ಸದ್ದೂ ನಿಂತಿತು.

“ಲಗೂನ ಮುಗಿಸಬ್ಯಾಡೋ,” ಎಂದರು ಗಿರಮಲ್ಲಪ್ಪ ಕುಣಿಯಿಂದ. “ಸಂಜಿತನಕ ನಾ ಇಲ್ಲೇ ಇರ್ತೀನಿ.”