ಅಮ್ಮನ ಬಾಯಿ

ಕೇಳಲೋ ಬೇಡವೋ? ಕೇಳಿದರೆ ಈಕೆಗೆ ಅನುಮಾನ ಬಂದೀತು. ಕೇಳದಿದ್ದರೆ ಬಂದದ್ದಾದರೂ ಯಾತಕ್ಕೆ? ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಒಂದು ಮಾತನ್ನು ಬೇಕೆಂದೇ ಬಿಟ್ಟುಬಿಡಬಹುದೇ ಎಂಬುದಷ್ಟೇ ಅವನಿಗೆ ಬೇಕಾದದ್ದು. ತರಬೇತಿ ಎಷ್ಟು ವರ್ಷ, ಕೋರ್ಟಿನಲ್ಲಿ ಕೆಲಸ ಹೆಚ್ಚೋ ಆಸ್ಪತ್ರೆಯಲ್ಲೋ ಎಂದು ಇಷ್ಟು ಹೊತ್ತು ಕೇಳಿದ್ದೆಲ್ಲ ಆ ಪ್ರಶ್ನೆಯ ಮೇಲೆ ಹೊದಿಸಿದ ಹೊದಿಕೆ.

ಎದುರಿಗೆ ಕುಳಿತಿದ್ದವರು ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳಿಸದವರ ಕೈಮಾತನ್ನು ಬಾಯಿಗೆ, ಉಳಿದವರ ಬಾಯಿಮಾತನ್ನು ಕೈಗೆ ದಾಟಿಸುತ್ತಲೇ ತಲೆ ನರೆತವರು. ಈ ಕೆಲಸದ ಬಗ್ಗೆ ತಿಳಿಯಬೇಕಿತ್ತು ಎಂದು ಅವನು ಫೋನ್ ಮಾಡಿದಾಗ, "ಬೆಳಿಗ್ಗೆ ಆಸ್ಪತ್ರೇಲಿರ್ತೀನಿ, ನಡುವೆ ಬಿಡುವಿದೆ, ಬಾ" ಎಂದಿದ್ದರು. ಅದೇ ಆಸ್ಪತ್ರೆಯಲ್ಲಿ ಅದೇ ಬೆಳಿಗ್ಗೆ ಅಮ್ಮನನ್ನು ಹೃದಯದ ಡಾಕ್ಟರಿಗೆ ತೋರಿಸುವುದಿತ್ತು. ಹೋದ ದಾರಿಗೆ ಎರಡು ಕೆಲಸವಾಗಲಿ ಎಂದು ಬಂದಿದ್ದ. ಅಮ್ಮ ಈಗ ಒಳಗೆ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದಳು.

ಅಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಅಂಗಡಿ, ಬ್ಯಾಂಕು, ಬಾಡಿಗೆ ಮನೆಯ ಯಜಮಾನ, ಯಾರ ಮುಂದೆಯೇ ಆಗಲಿ ಅವಳ ಪರವಾಗಿ ಮಾತಾಡುತ್ತ ಬೆಳೆದವನು ಅವನು. ಅಕ್ಕಪಕ್ಕದವರು ಅವನಿಗಿಟ್ಟ ಅಡ್ಡಹೆಸರೇ 'ಅಮ್ಮನ ಬಾಯಿ'.

"ಒಂದ್ಸಲ ಪೊಲೀಸ್ ಠಾಣೇಲಿ ಒಬ್ಬಾಕೆ ಇನ್ಸ್‌ಪೆಕ್ಟರಿಗೆ ಕತ್ತೆ ಅಂದಳು," ದುಭಾಷಿ ಹೇಳುತ್ತಿದ್ದರು. "ನಾನೂ ಅಂದೆ. ಮುಖ ನೋಡ್ಕೊಂಡೇ, 'ನೀನೊಬ್ಬ ಕತ್ತೆ' ಅಂತ. 'ಆಕೆ ನಿಮ್ಮನ್ನ ಕತ್ತೆ ಅಂತಿದಾರೆ ಸಾರ್' ಅನ್ನೋ ಹಾಗಿಲ್ಲ ನಮ್ಮಲ್ಲಿ. ಬೈದವಳು ಅವಳು, ಕಣ್ಣು ಕೆಂಪಾಗಿದ್ದು ನನ್ನ ಮೇಲೆ. ಎಲ್ರಿಗೂ ಟೀ ಬಂತು, ನನಗೆ ಬರ್ಲಿಲ್ಲ."

ಅವನು ನಗಬೇಕಾದಷ್ಟು ನಕ್ಕ. "ಸ್ವಲ್ಪ ಮೆತ್ತಗೆ ಮಾಡಿ ಹೇಳೋಣ ಅನ್ನಿಸಲ್ವಾ ಮೇಡಂ?"

"ಅನ್ನಿಸತ್ತೆ. ಮಾಡಲ್ಲ. ಕಿವಿ ಕೇಳಿಸದವರೆದುರು ಯಾರ ಬಾಯಿಂದ ಬಂದದ್ದೂ ಕೈಗೆ ಬರಬೇಕು. ಡಾಕ್ಟರು ಫೋನಲ್ಲಿ ಹೆಂಡತಿ ಜೊತೆ ಜಗಳ ಆಡಿದ್ರೂ ಸೈ. ನಿನ್ನ ಕಿವಿಗೆ ಬೀಳೋದು ಅವರಿಗ್ಯಾಕೆ ಬೇಡ?"

"ತಡ್ಕೊಳ್ಳೋಕೆ ಆಗದಂಥ ಸುದ್ದಿ ಆದ್ರೆ?"

ದುಭಾಷಿ ಅವನನ್ನೇ ನೋಡಿದರು. "ಯಾರ ಸುದ್ದಿ?"

"ಸುಮ್ನೆ ಕೇಳ್ದೆ."

ಕಳ್ಳನ ಜೀವ ಹುಳ್ಳಗೆ. ಕಳೆದ ಸಲ ಬಂದಾಗ ಡಾಕ್ಟರು ಹೇಳಿದ್ದು ಇಷ್ಟು: ಹೃದಯದ ಕವಾಟ ಸೋರುತ್ತಿದೆ, ಆಪರೇಷನ್ ಆಗದಿದ್ದರೆ ಹೆಚ್ಚು ಕಾಲ ತಳ್ಳುವುದಿಲ್ಲ. ಆದರೆ ಈ ವಯಸ್ಸಿಗೆ ಆಪರೇಷನ್ ಮೇಜಿನ ಮೇಲಿಂದ ಏಳದವರೂ ಇದ್ದಾರೆ, ಅಮ್ಮನನ್ನು ಕೇಳಿ ತಿಳಿಸಿ. ಅವನು ಅಮ್ಮನ ಕಡೆ ತಿರುಗಿ, ಮಾತ್ರೆ ಬದಲಾಯಿಸಿದ್ದಾರೆ, ವಾಸಿಯಾಗುತ್ತದೆ ಎಂದು ಕೈಯಾಡಿಸಿದ್ದ. ಇವತ್ತು ಡಾಕ್ಟರಿಗೆ ಉತ್ತರ ಕೊಡಬೇಕು. 'ಅಮ್ಮ ಬೇಡ ಅಂದ್ರು.' ಆ ಉತ್ತರವನ್ನೂ ಮನೆಯಲ್ಲೇ ಹೊಂದಿಸಿಟ್ಟುಕೊಂಡು ಬಂದಿದ್ದ.

ಅಮ್ಮ ತೋಳಿಗೆ ಹತ್ತಿ ಒತ್ತಿಕೊಂಡು ಬಂದಳು. ದುಭಾಷಿ ಎದ್ದು ಕೈಯಲ್ಲೇ ಪರಿಚಯ ಹೇಳಿಕೊಂಡರು. ಅಮ್ಮನ ಮುಖ ಅರಳಿತು, ಇಬ್ಬರೂ ಕುಳಿತರು. ಹತ್ತಿಯನ್ನು ಬಿಟ್ಟು ಎರಡೂ ಕೈಯಲ್ಲಿ ಮಾತಿಗಿಳಿದಳು. ಅಷ್ಟು ವೇಗವಾಗಿ ಅವಳು ತನ್ನೊಡನೆ ಎಂದೂ ಮಾತಾಡಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಕೊನೆಗೆ ಅವಳು ಅವನತ್ತ ಗದ್ದ ಚಾಚಿ ತೋರಿಸಿ ಹೇಳಿದಳು: "ಇವತ್ತು ನೀವೇ ಒಳಗೆ ಬನ್ನಿ. ಡಾಕ್ಟರ ಬಾಯಿ ಅಷ್ಟು ಹೊತ್ತು ಆಡತ್ತೆ, ಇವನ ಕೈ ಎರಡೇ ಸಲ ಆಡತ್ತೆ."

"ಬರ್ತೀನಿ," ಎಂದರು ದುಭಾಷಿ, ಬಾಯಲ್ಲೂ ಕೈಯಲ್ಲೂ.

ಅಮ್ಮ ತುಟಿ ನೋಡಿ ಅರ್ಧಂಬರ್ಧ ತಿಳಿಯಬಲ್ಲಳು. ಆದ್ದರಿಂದ ಅವಳ ಎದುರಿಗೇ ಗುಟ್ಟು ಹೇಳುವಾಗ ಕಿಟಕಿಯತ್ತ ಮುಖ ಮಾಡುವುದು ಚಿಕ್ಕಂದಿನಿಂದ ಬಂದ ಚಾಳಿ. ಈಗಲೂ ಹಾಗೇ ಮಾಡಿದ.

"ಮೇಡಂ, ದಯವಿಟ್ಟು ಬರಬೇಡಿ. ಆಪರೇಷನ್ ವಿಷಯ ಅಮ್ಮಂಗೆ ಗೊತ್ತಿಲ್ಲ. ಕೇಳಿದ್ರೆ ಹೆದರ್ಕೊಂಡೇ ಸಾಯ್ತಾಳೆ. ಬೇಡ ಅಂದಳು ಅಂತ ಡಾಕ್ಟರಿಗೆ ನಾನೇ ಹೇಳ್ಬಿಡ್ತೀನಿ."

ಹೇಳಿ ಮುಗಿಸಿ ತಿರುಗಿ ನೋಡಿದ. ದುಭಾಷಿಯ ಕೈಗಳು ಆಡುತ್ತಿದ್ದವು. ಹೆದರಿಕೆ, ಸಾವು, ಬೇಡ, ಡಾಕ್ಟರು, ನಾನೇ. ಕೊನೆಯ ಸನ್ನೆ ಮುಗಿಸಿ ಕೈಗಳು ಮಡಿಲಿಗಿಳಿದವು.

"ಏನ್ ಮಾಡ್ತಿದೀರಿ ನೀವು?"

ಅದೂ ಕೈಗೆ ಬಂತು. ಆಮೇಲೆ ದುಭಾಷಿ ಮೆಲ್ಲಗೆ ಹೇಳಿದರು, ಹೇಳುತ್ತಲೇ ಕೈಯಾಡಿಸಿದರು: "ಕೆಲಸ. ಅವರಿಗೆ ಬರ್ತೀನಿ ಅಂದಾಗಲೇ ಶುರುವಾಯ್ತಪ್ಪ."

ಅಷ್ಟರಲ್ಲಿ ನರ್ಸ್ ಬಂದು, "ಒಳಗೆ ಕರೀತಿದಾರೆ" ಎಂದಳು. ಅಮ್ಮ ಏಳಲಿಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು ಕೈಯೆತ್ತಿದಳು. ನರ್ಸಿಗೂ ತಿಳಿಯಲೆಂದು ದುಭಾಷಿ ಅದನ್ನು ಬಾಯಿಗೆ ತಂದರು.

"ಯಾವ ಆಪರೇಷನ್?"

ಅವನ ಕೈಗಳು ಎದ್ದವು, ಗಾಳಿಯಲ್ಲಿ ನಿಂತವು.

"ನಾನು ಯಾವಾಗ ಬೇಡ ಅಂದೆ?"

ಅಮ್ಮನ 'ನಾನು' ಇಷ್ಟು ದಿನ ಅವನ ಬಾಯಿಂದಲ್ಲದೆ ಬೇರೆಯವರ ಬಾಯಿಂದ ಹೊರಟದ್ದಿಲ್ಲ. ಅದು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನರ್ಸ್ ನೆಲ ನೋಡಿದಳು.

ಅಮ್ಮ ಎದ್ದಳು. 'ನೀನು ಇಲ್ಲೇ ಇರು' ಎಂದು ಅಂಗೈ ತೋರಿಸಿ ದುಭಾಷಿಯೊಂದಿಗೆ ಒಳಗೆ ಹೋದಳು.

ಬಾಗಿಲಿಗೆ ಒಂದು ಸಣ್ಣ ಗಾಜಿತ್ತು. ನೋಡಬಾರದೆಂದುಕೊಂಡೇ ನೋಡಿದ. ಅಮ್ಮನ ಬೆನ್ನು ಕಾಣುತ್ತಿತ್ತು. ಡಾಕ್ಟರ ಬಾಯಿ ಆಡಿದಷ್ಟೂ ಹೊತ್ತು ದುಭಾಷಿಯ ಕೈ ಆಡುತ್ತಿತ್ತು. ನಡುವೆ ಒಮ್ಮೆ ಆ ಕೈ ಅಂಗಾತ ಮಲಗಿತು, ಮೇಲೇಳಲಿಲ್ಲ. ಮೇಜಿನಿಂದ ಏಳದವರ ಮಾತನ್ನು ಡಾಕ್ಟರು ಹೇಳಿಬಿಟ್ಟಿದ್ದರು. ಅವನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಮ್ಮನ ಬೆನ್ನು ಬಗ್ಗಲಿಲ್ಲ. ಅವಳು ಏನೋ ಕೇಳಿದಳು, ಡಾಕ್ಟರು ಹೇಳಿದರು. ಮತ್ತೆ ಕೇಳಿದಳು, ಮತ್ತೆ ಹೇಳಿದರು. ಅವಳಲ್ಲಿ ಅಷ್ಟು ಪ್ರಶ್ನೆಗಳಿದ್ದವು.

ಹೊರಗೆ ಬಂದಾಗ ಅವಳೇ ಹೇಳಿದಳು: "ಮಾಡಿಸ್ಕೋತೀನಿ. ಮುಂದಿನ ವಾರ ಸೇರ್ಕೋಬೇಕು."

ದುಭಾಷಿ ಚೀಲ ಹೆಗಲಿಗೇರಿಸಿಕೊಂಡರು. ಇನ್ನೊಂದು ವಾರ್ಡಿನಲ್ಲಿ ಅವರಿಗಾಗಿ ಯಾರೋ ಕಾಯುತ್ತಿದ್ದರು. "ಇನ್ನೇನಾದ್ರೂ ಕೇಳೋದಿದೆಯಾ ನಿಂಗೆ?"

"ನಾನು ಈ ತರಬೇತಿಗೆ ಸೇರಬಹುದಾ ಮೇಡಂ?"

ಪ್ರಶ್ನೆ ಅವರ ಕೈಗೆ ಬರುತ್ತಿದ್ದಂತೆಯೇ ಉತ್ತರ ಅಮ್ಮನ ಕೈಯಿಂದ ಬಂತು. "ಸೇರಲಿ. ಬೇರೆಯವರಿಗೆ ಮಾಡಲಿ. ನನಗೆ ಬೇಡ."

ದುಭಾಷಿ ಅದಕ್ಕೆ ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲೂ ಇಲ್ಲ. ಅವನ ಭುಜ ತಟ್ಟಿ ಹೊರಟುಹೋದರು.

ತಾಯಿ ಮಗ ಮೆಟ್ಟಿಲಿಳಿದರು. ಅವಳ ಕೈಚೀಲ ಹಿಡಿದುಕೊಳ್ಳಲು ಅವನು ಕೈ ಚಾಚಿದರೆ ಅವಳು ಕೊಡಲಿಲ್ಲ. ಕೊನೆಯ ಮೆಟ್ಟಿಲಲ್ಲಿ ನಿಂತು, ಚೀಲವನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಕೇಳಿದಳು: "ನಾನು ಹೆದರ್ತೀನಿ ಅಂದ್ಕೊಂಡ್ಯಾ?"

ಅವನು ಹೌದೆಂದು ತಲೆಯಾಡಿಸಿದ.

ಹೆದರಿದ್ದು ತಾನು ಎಂದು, ಅವಳು ಮೇಜಿನಿಂದ ಏಳದಿದ್ದರೆ ಮನೆಗೆ ತಾನೊಬ್ಬನೇ ಹಿಂದಿರುಗಬೇಕಲ್ಲ ಎಂಬ ಹೆದರಿಕೆ ಅದೆಂದು, ಅವನು ಅವಳಿಗೆ ಎಂದೂ ಹೇಳಲಿಲ್ಲ.