ಎಡದವಡೆಯ ಬೂದಿ

ಮೂವತ್ತೊಂದು ವರ್ಷ ತವರದ ಗಣಿಯಲ್ಲಿ ದುಡಿದವನು ನಾನು. ಊಟದ ಬದಲು ಕೋಕಾ ಎಲೆ ದವಡೆಗೆ ಇಟ್ಟುಕೊಂಡೇ ಒಳಗೆ ಇಳಿಯುತ್ತಿದ್ದೆವು. ನನ್ನದು ಯಾವಾಗಲೂ ಎಡದವಡೆ. ಆ ಕಡೆಯ ಹಲ್ಲುಗಳೆಲ್ಲ ಒಂದೊಂದಾಗಿ ಹೋದವು.

ಅಲ್ಲಿಗೆ ಟೈಟೇನಿಯಂ ಸ್ಕ್ರೂ ಕೂರಿಸಿ ಮೇಲೊಂದು ಹಲ್ಲು ಕಟ್ಟಿದವಳು ನನ್ನ ತಂಗಿಯ ಮೊಮ್ಮಗಳು ಯೊವಾನಾ. ಒರೂರೊ ಪಟ್ಟಣದಲ್ಲಿ ಹಲ್ಲಿನ ಡಾಕ್ಟರಿಕೆ ಓದಿ ನಮ್ಮೂರಿಗೇ ಬಂದವಳು. ಸ್ವಂತ ದವಾಖಾನೆಯಲ್ಲಿ ಅವಳು ಕೂರಿಸಿದ ಮೊದಲನೇ ಸ್ಕ್ರೂ ನನ್ನದು. "ಎಲೆ ಬಿಟ್ಬಿಡಬೇಕು ತಾತ" ಅಂದಿದ್ದಳು. ಬಿಟ್ಟೆ ಅಂದಿದ್ದೆ.

ಎರಡನೇ ವರ್ಷ ಒಸಡು ಊದಿ, ಹಲ್ಲುಜ್ಜಿದರೆ ರಕ್ತ ಬರತೊಡಗಿತು. ನನ್ನ ಹೆಂಡತಿ ನಿಕಾಸಿಯಾ, "ಕೋಕಾಕ್ಕೆ ನಿಲ್ಲದ ನೋವು ಯಾವ್ದಿದೆ? ಬೂದಿಉಂಡೆ ಸ್ವಲ್ಪ ಜಾಸ್ತಿ ಕಚ್ಕೊ" ಅಂದಳು. ಕಿನುವಾ ಧಾನ್ಯದ ಕಡ್ಡಿ ಸುಟ್ಟ ಆ ಬೂದಿ ಇಲ್ಲದಿದ್ದರೆ ಎಲೆ ಬಾಯಲ್ಲಿ ರಸ ಬಿಡುವುದಿಲ್ಲವಲ್ಲ. ಊದಿದ ಜಾಗಕ್ಕೇ ಒತ್ತಿ ಇಟ್ಟುಕೊಂಡೆ. ಊತ ಇನ್ನೂ ಏರಿತು.

ಯೊವಾನಾ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು. ಸ್ಕ್ರೂ ಸುತ್ತಲಿನ ಮೂಳೆ ಬಟ್ಟಲಿನ ಹಾಗೆ ತಗ್ಗಾಗಿತ್ತು.

"ನಿನ್ನ ಮೈಗೆ ಈ ಲೋಹ ಒಗ್ಗಿಲ್ಲ ಅನ್ಸುತ್ತೆ ತಾತ. ಕಿತ್ತುಬಿಡ್ತೀನಿ. ಮೂಳೆ ಉಳಿದ್ರೆ ಮುಂದೆ ಬಿಳಿ ಪಿಂಗಾಣಿದು ನೋಡೋಣ, ಆದ್ರೆ ಒರೂರೊದಲ್ಲಿ ಬೇರೆಯವರ ಹತ್ರ ಹಾಕಿಸ್ಕೊ."

"ನೀನ್ಯಾಕೆ ಹಾಕಲ್ಲ?"

"ನನ್ನ ಕೈಯಲ್ಲೇ ಏನೋ ತಪ್ಪಿದೆ, ನಾನಿನ್ನು ಯಾರಿಗೂ ಹಾಕಲ್ಲ. ಸ್ಕ್ರೂ ಹಾಕಿಸ್ಕೊಳ್ಳೋಕೆ ಕಾಯ್ತಿರೋ ಗುಮೆರ್ಸಿಂಡಾ ಅಜ್ಜಿಗೂ ಬರಬೇಡಿ ಅಂತ ಹೇಳಿಕಳಿಸ್ತೀನಿ."

ಅಳುವ ದನಿಯಲ್ಲಿ ಅಷ್ಟಂದು ಚಿಮಟ, ಸೂಜಿ ಎಲ್ಲ ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಗಣಿಯಲ್ಲಿ ಸುರಂಗ ಕುಸಿದಾಗ ತಪ್ಪು ಮಾಡಿದವನು ಸುಮ್ಮನಿದ್ದು, ಮಾಡದವನು ತಲೆತಗ್ಗಿಸಿದ್ದನ್ನು ನಾನು ಕಂಡಿದ್ದೇನೆ. ಬಾಯಿಗೆ ಹತ್ತಿ ತುರುಕುವ ಮುಂಚೆಯೇ ಹೇಳಿದೆ.

"ಪುಟ್ಟೀ, ಎಲೆ ನಾನು ಬಿಟ್ಟೇ ಇಲ್ಲ."

ಅವಳ ಕೈ ನಿಂತಿತು. "ಯಾವ ಕಡೆ ಇಟ್ಕೊಳ್ತೀಯ?"

"ಇದೇ ಕಡೆ. ಬೂದಿ ಸಮೇತ. ದಿನಾ."

"ಎರಡು ವರ್ಷ ನನ್ ಮುಖ ನೋಡ್ಕೊಂಡು ಸುಳ್ಳು ಹೇಳಿದ್ಯಾ! ರಾತ್ರಿಯೆಲ್ಲ ನಿದ್ದೆ ಬಿಟ್ಟು ಪುಸ್ತಕ ಹುಡುಕಿದ್ದೀನಿ, ಮುದುಕಾ!"

ಮುದುಕಾ ಅಂದದ್ದು ನನಗೆ ಸಮಾಧಾನವೇ ಆಯಿತು. ಅಳುವ ದನಿ ಹೋಗಿ ಜಗಳದ ದನಿ ಬಂದಿತ್ತು. ಬಾಗಿಲಲ್ಲಿದ್ದ ನಿಕಾಸಿಯಾ, "ಇವನ ಬಾಯಿ ಗಣಿಗಿಂತ ಕತ್ತಲೆ ಕಣೇ, ಏನಿದೆ ಅಂತ ದೇವರಿಗೇ ಗೊತ್ತಾಗಲ್ಲ" ಅಂದಳು.

"ನೀನೂ ಸುಮ್ನಿರು ಅಜ್ಜಿ, ಬೂದಿ ಒತ್ತು ಅಂದವಳು ನೀನೇ ಇರ್ಬೇಕು!"

ನಿಕಾಸಿಯಾ ಹೆಗಲ ಶಾಲು ಸರಿಮಾಡಿಕೊಂಡಳು.

ಯೊವಾನಾ ಸ್ಕ್ರೂವನ್ನು ಬೆರಳಲ್ಲಿ ಅಲುಗಿಸಿ ನೋಡಿದಳು. ಅಲುಗಲಿಲ್ಲ. "ಹಿಡಿತ ಇನ್ನೂ ಇದೆ" ಅಂದು ಕೀಳುವ ಚಿಮಟ ಪಕ್ಕಕ್ಕಿಟ್ಟಳು. ಒಸಡು ಬಿಡಿಸಿ, ಬೂದಿಯ ಖಾರಕ್ಕೆ ಸುಟ್ಟ ಜಾಗದಲ್ಲಿ ಸಿಕ್ಕಿ ಕೊಳೆತ ಎಲೆಚೂರನ್ನೆಲ್ಲ ತೆಗೆದಳು. ಉಕ್ಕಿನ ಉಪಕರಣ ಸ್ಕ್ರೂ ಮೇಲೆ ಗೀರು ಹಾಕುತ್ತದೆ, ಗೀರಲ್ಲಿ ಕೊಳೆ ಕೂರುತ್ತದೆ ಅಂತ ಅದಕ್ಕೆಂದೇ ಇರುವ ಮೆತ್ತನೆ ತುದಿಯಿಂದ ಎರಡು ಗಂಟೆ ಕೆರೆದಳು.

ಸಭೆಯಲ್ಲಿ ಯಾರಾದರೂ ಎಲೆ ಕೊಟ್ಟರೆ ಬೇಡ ಅನ್ನುವುದು ನಮ್ಮಲ್ಲಿ ಮುಖಕ್ಕೆ ಉಗಿದಂತೆ. ಹಾಗಂತ ನಾನು ಹೇಳಿದ್ದಕ್ಕೆ ಅವಳು, "ಎರಡೂ ಕೈಲಿ ಇಸ್ಕೊ. ನಾಕೇ ಎಲೆ, ಬಲಗಡೆ. ಬೂದಿ ಮಾತ್ರ ಮುಟ್ಟಬೇಡ. ಮನೆಗೆ ಬಂದ ತಕ್ಷಣ ಬಾಯಿ ತೊಳಿ" ಅಂದಳು. ಬೂದಿಯಿಲ್ಲದ ಎಲೆ ಹುಲ್ಲಿನ ರುಚಿ. ಒಂದು ತಿಂಗಳು ಬೈದುಕೊಂಡೆ, ಆಮೇಲೆ ಒಗ್ಗಿತು.

ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ. ಮೂಳೆಯ ಬಟ್ಟಲು ಇನ್ನಷ್ಟು ಆಳವಾಗಿರಲಿಲ್ಲ. ರಕ್ತವೂ ಇಲ್ಲ. ಯೊವಾನಾ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ನಾಲ್ಕು ಸಲ ನೋಡಿದಳು. ಹೊರಗೆ ಬೆಂಚಿನ ಮೇಲೆ ಗುಮೆರ್ಸಿಂಡಾ ಕೂತಿದ್ದಳು. ಯೊವಾನಾಳೇ ಮತ್ತೆ ಬಾ ಅಂತ ಹೇಳಿಕಳಿಸಿದ್ದಳಂತೆ.

"ಬಾ ಅಜ್ಜಿ, ಕೂತ್ಕೊ. ಮೊದಲು ನಿಜ ಹೇಳು, ಎಲೆ ಯಾವ ಕಡೆ ಇಟ್ಕೊಳ್ತೀಯ?"

ಗುಮೆರ್ಸಿಂಡಾ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ, ಹೇಳ್ಬಿಡು, ಅಂದೆ.