ಒಂದು ಗಂಟೆ ಹತ್ತು ನಿಮಿಷ

ಅಳಿಯನ ಕೆಲಸ ಬಲು ಸಲೀಸು. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಕಂಪ್ಯೂಟರು ನೇರ ಗೆರೆ ಎಳೆದು ದೂರ ಹೇಳುತ್ತದೆ. ಅದನ್ನು ವಿಮಾನದ ವೇಗದಿಂದ ಭಾಗಿಸಿ, ಏರಲು ಇಳಿಯಲು ಒಂದಿಷ್ಟು ಹೊತ್ತು ಸೇರಿಸಿ, ನಾಲ್ಕು ಬಣ್ಣದ ಮಾತು ಬೆರೆಸಿ ವೆಬ್‌ಸೈಟಿಗೆ ಹಾಕಿದರೆ ಮುಗಿಯಿತು. ಆ ದಾರಿಯಲ್ಲಿ ವಿಮಾನ ಹಾರುತ್ತದೋ ಇಲ್ಲವೋ, ಆ ಉಸಾಬರಿ ಅವನಿಗೇಕೆ? ಯಾರಾದರೂ ತಕರಾರು ತೆಗೆದರೆ ಮಾಲೀಕರು ರೇಗುತ್ತಿದ್ದರು: "ವಿಮಾನ ಇದೆ ಅಂತ ನಾವೆಲ್ಲಿ ಹೇಳಿದೀವಿ? ಇದ್ದಿದ್ರೆ ಎಷ್ಟು ಹೊತ್ತು ಅಂತ ತಾನೇ ಹೇಳಿರೋದು!"

ಮದುವೆಯ ಮಾತುಕತೆಯಲ್ಲಿ ಮಾತ್ರ ಅವನು "ವಿಮಾನದ ಲೈನಲ್ಲಿದೀನಿ" ಎಂದುಬಿಟ್ಟಿದ್ದ. ಅತ್ತೆ ಅದನ್ನು ಬಂಧುಬಳಗಕ್ಕೆಲ್ಲ ಸಾರಿ ಬಂದಿದ್ದರು.

ಒಂದು ದಿನ ಅವನ ಊರು ಮತ್ತು ಅತ್ತೆಯ ಊರು ಒಂದೇ ಜೋಡಿಯಾಗಿ ಅವನ ಪಾಲಿಗೆ ಬಂದವು. ಇಲ್ಲಿನ ರನ್‌ವೇ ಊರಾಚೆಯ ಬಯಲಲ್ಲಿ, ಅಲ್ಲಿನದು ಗುಡ್ಡದ ನೆತ್ತಿಯಲ್ಲಿ. ಎರಡರಲ್ಲೂ ಹುಲ್ಲು ಬೆಳೆದಿತ್ತು. ಅಳಿಯನಿಗೆ ಪ್ರೀತಿ ಉಕ್ಕಿತು. "ಒಂದು ಗಂಟೆ ಹತ್ತು ನಿಮಿಷದ ಸುಖ ಪ್ರಯಾಣ. ಕಿಟಕಿ ಪಕ್ಕದ ಸೀಟು ಕೇಳಿ ಪಡೆಯಿರಿ, ಬೆಟ್ಟಗಳ ನೋಟ ಕಣ್ಣಿಗೆ ಹಬ್ಬ" ಎಂದು ಬರೆದು ಹೆಂಡತಿಗೆ ಓದಿ ಹೇಳಿದ.

ತುಂಬು ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ರೀ, ಅಲ್ಲಿ ವಿಮಾನಾನೇ ಇಲ್ವಲ್ಲ!"

"ದೂರ ಸರಿಯಾಗಿದೆಯಲ್ಲ," ಎಂದ.

ಅವಳಿಗೆ ಚೊಚ್ಚಲ ಹೆರಿಗೆಯ ಭಯ. ಆ ಹೊತ್ತಿಗೆ ಅಮ್ಮ ಪಕ್ಕದಲ್ಲಿದ್ದರೆ ಸಾಕು ಎಂಬುದೊಂದೇ ಜಪ. ಅಮ್ಮ ಬರಬೇಕಾದರೆ ವಾರಕ್ಕೊಂದೇ ಬಸ್ಸು, ಬೆಟ್ಟಗಳನ್ನು ಸುತ್ತಿ ಬರುವ ಎರಡು ದಿನದ ದಾರಿ. ಟಿಕೆಟ್ಟೂ ಆಗಿತ್ತು.

ಹೊರಡುವ ದಿನ ಅತ್ತೆ ಫೋನು ಮಾಡಿದರು. "ಅಳಿಯಂದ್ರೇ, ಬಸ್ ಟಿಕೆಟ್ ವಾಪಸ್ ಕೊಟ್ಬಿಟ್ಟೆ! ನಮ್ಮೂರಿಂದಲೂ ವಿಮಾನ ಬಿಟ್ಟಿದಾರೆ, ಮೊಬೈಲಲ್ಲೇ ಬಂದಿದೆ, ಒಂದು ಗಂಟೆ ಹತ್ತು ನಿಮಿಷ ಅಂತೆ. ನಾಳೆ ಅಲ್ಲೇ ಟಿಕೆಟ್ ತಗೊಂಡು ವಿಮಾನದಲ್ಲೇ ಬರ್ತೀನಿ. ಸರಿ ತಾನೆ? ನಿಮಗೆ ಗೊತ್ತಿಲ್ದೇ ಇರೋದಾ!"

ಅಳಿಯ ಗಡಿಯಾರ ನೋಡಿದ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ವಿಮಾನವಿಲ್ಲ ಎಂಬ ಒಂದೇ ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ "ಹಾಗಾದ್ರೆ ನಿಮ್ಮ ಕೆಲಸ ಏನು?" ಎಂಬ ಪ್ರಶ್ನೆ ಬರುತ್ತದಲ್ಲ! ಮಾನ ದೊಡ್ಡದಾಯಿತು ಪುಣ್ಯಾತ್ಮನಿಗೆ. "ಒಂದ್ಸಲ ವಿಚಾರಿಸಿ ಅತ್ತೆ," ಎಂದು ಗೊಣಗಿ ಫೋನಿಟ್ಟ.

ಮರುದಿನ ಅತ್ತೆ ಮೂರು ಚೀಲ ಹೊತ್ತು ಗುಡ್ಡ ಹತ್ತಿದರು. ಗೇಟಿನ ಕಾವಲುಗಾರ ಕಣ್ಣುಜ್ಜಿಕೊಂಡು, "ವಿಮಾನಾನಾ? ನಾನು ಸೇರಿದ ಮೇಲೆ ಒಂದೂ ಬಂದಿಲ್ಲ ತಾಯಿ," ಎಂದ. ಅಷ್ಟರಲ್ಲಿ ಬಸ್ಸು ಅರ್ಧ ದಾರಿ ಸೇರಿತ್ತು.

ಇತ್ತ, ಬಸ್ಸು ಊರು ಸೇರುವ ದಿನವೇ ಹೆಂಡತಿಗೆ ನೋವು ಶುರುವಾಯಿತು. ಆಸ್ಪತ್ರೆಯ ಮಂಚದ ಮೇಲೆ ಗಂಡನ ಕೈ ಬಿಗಿಯಾಗಿ ಹಿಡಿದು, "ಅಮ್ಮ ಎಲ್ರೀ? ಎಷ್ಟೊತ್ತಿಗೆ ಬರ್ತಾಳೆ?" ಎಂದಳು.

"ಇನ್ನೇನು, ಒಂದು ಗಂಟೆ ಹತ್ತು ನಿಮಿಷ," ಎಂದಿತು ಅವನ ಬಾಯಿ. ಪಾಪ, ಅಮ್ಮ ಬಸ್ಸಿನಲ್ಲಿದ್ದಾಳೆ ಎಂದೇ ನಂಬಿದಳು. ಮಗಳು ಹುಟ್ಟುವವರೆಗೂ ಬಾಗಿಲನ್ನೇ ನೋಡುತ್ತಿದ್ದಳು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮುಂದಿನ ವಾರ ಬಸ್ಸಿಳಿದು ಬಂದ ಅತ್ತೆ ಮೊಮ್ಮಗಳನ್ನು ಎದೆಗವಚಿಕೊಂಡು ಗಳಗಳ ಅತ್ತರು. "ಹೆರೋವಾಗ ನಿನ್ನ ಪಕ್ಕ ಇರೋಕಾಗ್ಲಿಲ್ವಲ್ಲೇ! ಕಿಟಕಿ ಪಕ್ಕದ ಸೀಟು ಕೇಳಿ ಅಂತ ಬೇರೆ ಬರ್ದಿದಾನೆ. ಆ ಬರೆದೋನು ಒಂದ್ಸಲ ನನ್ನ ಕೈಗೆ ಸಿಗ್ಬೇಕು!"

ಬಾಣಂತಿ ತಟ್ಟನೆ ತಲೆಯೆತ್ತಿದಳು. ಬಚ್ಚಲಿನಲ್ಲಿ ನಲ್ಲಿಯ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು.

"ಸಿಕ್ಕಿದಾರೆ ಬಿಡಮ್ಮ," ಎಂದಳು. "ಒಳಗೆ ಮಗೂ ಬಟ್ಟೆ ಒಗೀತಿದಾರೆ."